ಟು-ಸ್ಟ್ರೋಕೋ ಫೋರ್-ಸ್ಟ್ರೋಕೋ: ನಮ್ಮ ಕಡೆಯ ಬಂಡೆ, ಧೂಳು, ಎರೆ ನೆಲಕ್ಕೆ ಡರ್ಟ್ ಬೈಕ್ ಆರಿಸುವುದು ಹೇಗೆ

ಗಾಡಿ ಮನೆಯಿಂದ ಗುಡ್ಡದ ಬುಡದವರೆಗೆ ಹೇಗೆ ಹೋಗುತ್ತದೆ? ಪವರ್ ಎಷ್ಟು, ರೇಟ್ ಎಷ್ಟು ಎಂದು ಕೇಳುವ ಮೊದಲು ಇದಕ್ಕೆ ಉತ್ತರ ಕಂಡುಕೊಳ್ಳಿ. ಬಳ್ಳಾರಿಯಿಂದ ಸಂಡೂರಿಗೆ ಐವತ್ತು ಚಿಲ್ಲರೆ ಕಿಲೋಮೀಟರ್ ಡಾಂಬರು ರಸ್ತೆ. ಅಲ್ಲಿಯವರೆಗೆ ಓಡಿಸಿಕೊಂಡೇ ಹೋಗಿ, ಕಚ್ಚಾ ದಾರಿಯಲ್ಲಿ ನಾಲ್ಕು ತಾಸು ಸುತ್ತಿ, ಹೊತ್ತು ಮುಳುಗುವುದರೊಳಗೆ ಅದೇ ಗಾಡಿಯಲ್ಲಿ ವಾಪಸ್ ಬರಬೇಕು ಎನ್ನುವವರಿಗೆ ಫೋರ್-ಸ್ಟ್ರೋಕೇ ಸರಿ. ಗಾಡಿಯನ್ನು ಪಿಕಪ್‌ನಲ್ಲಿ ಹೇರಿಕೊಂಡು ಹೋಗಿ, ಎರಡು ತಾಸು ಬಂಡೆ ಏರಿ ಇಳಿದು, ಮತ್ತೆ ಹೇರಿಕೊಂಡು ಬರುವವರು ಟು-ಸ್ಟ್ರೋಕ್ ನೋಡಬಹುದು. ಆಮೇಲಿನ ಪ್ರಶ್ನೆ ಒಂದೇ: ಎಂಜಿನ್ ಬಿಚ್ಚುವವರು ಯಾರು? ಟು-ಸ್ಟ್ರೋಕ್‌ನ ಪಿಸ್ಟನ್ ಬದಲಿಸುವುದನ್ನು ಮನೆ ಅಂಗಳದಲ್ಲೇ ಕಲಿಯಬಹುದು. ರೇಸ್‌ಗೆಂದೇ ಮಾಡಿದ ಫೋರ್-ಸ್ಟ್ರೋಕ್‌ನ ವಾಲ್ವ್ (ಸಿಲಿಂಡರಿಗೆ ಗಾಳಿ ಬಿಟ್ಟು ಹೊಗೆ ಹೊರಬಿಡುವ ಬಾಗಿಲು) ಕೆಲಸ ಹಾಗಲ್ಲ. ಅದು ಗೊತ್ತಿದ್ದವರ ಕೈಗೇ ಹೋಗಬೇಕು.

ಏನೇನು ಸಿಗುತ್ತದೆ

ರಸ್ತೆಗೆ ಇಳಿಸಬಹುದಾದ ಹೊಸ ಟು-ಸ್ಟ್ರೋಕ್ ಬೈಕ್ ಈಗ ಯಾವ ಶೋರೂಮಿನಲ್ಲೂ ಇಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬರುವುದಕ್ಕೆ ಎಷ್ಟೋ ಮೊದಲೇ ಅವುಗಳ ಕಾಲ ಮುಗಿದಿತ್ತು. ಹಾಗಾಗಿ ಟು-ಸ್ಟ್ರೋಕ್ ಬೇಕೆಂದರೆ ಎರಡೇ ದಾರಿ. ಒಂದು, ಹಳೆಯ ಯಮಹಾ ಆರ್‌ಎಕ್ಸ್100 ಅಥವಾ ಆರ್‌ಎಕ್ಸ್135ನ್ನು ಟ್ರಯಲ್‌ಗೆ, ಅಂದರೆ ಗುಡ್ಡದ ಕಚ್ಚಾ ದಾರಿಗೆ, ತಕ್ಕಂತೆ ಸಿದ್ಧ ಮಾಡಿಕೊಳ್ಳುವುದು. ಆರ್‌ಎಕ್ಸ್100 ಬಂದದ್ದು 1985ರಲ್ಲಿ, ನಿಂತದ್ದು 1996ರಲ್ಲಿ. 135 ನಿಂತದ್ದು 2005ರಲ್ಲಿ. ಇನ್ನೊಂದು, ಕೆಟಿಎಂ 300 ಎಕ್ಸ್‌ಸಿಯಂಥ ವಿದೇಶಿ ಎಂಡ್ಯೂರೊ (ಕಚ್ಚಾ ದಾರಿಯ ದೂರದ ಸ್ಪರ್ಧೆಯ) ಗಾಡಿ. ಇಂಥ ಗಾಡಿಗಳು ಸ್ಪರ್ಧೆಗೆಂದು ತರಿಸಿದವು. ನಂಬರ್ ಪ್ಲೇಟ್ ಇಲ್ಲದ ಗಾಡಿಯನ್ನು ಪಕ್ಕದ ಓಣಿಯ ಪೆಟ್ರೋಲ್ ಬಂಕಿಗೂ ಓಡಿಸುವಂತಿಲ್ಲ. ಟ್ರ್ಯಾಕ್ ಮತ್ತು ಒಪ್ಪಿಗೆ ಇರುವ ಖಾಸಗಿ ಜಾಗ ಬಿಟ್ಟರೆ ಅದಕ್ಕೆ ನೆಲೆಯಿಲ್ಲ.

ಫೋರ್-ಸ್ಟ್ರೋಕ್‌ನಲ್ಲಿ ನಂಬರ್ ಪ್ಲೇಟ್ ಸಮೇತ ಸಿಗುವವು ಹೀರೊ ಎಕ್ಸ್‌ಪಲ್ಸ್ 200 4ವಿ, ಎಕ್ಸ್‌ಪಲ್ಸ್ 210, ಕವಾಸಾಕಿ ಕೆಎಲ್‌ಎಕ್ಸ್ 230, ಕೆಟಿಎಂ 390 ಎಂಡ್ಯೂರೊ ಆರ್. ತೂಕ ನೋಡಿ. ಎಕ್ಸ್‌ಪಲ್ಸ್ 200 ಸುಮಾರು 160 ಕೆ.ಜಿ., 210 ಅದಕ್ಕಿಂತ ಹತ್ತು ಕೆ.ಜಿ. ಹೆಚ್ಚು, ಕೆಎಲ್‌ಎಕ್ಸ್ 139, 390 ಎಂಡ್ಯೂರೊ 177. 300 ಸಿಸಿಯ ಎಂಡ್ಯೂರೊ ಟು-ಸ್ಟ್ರೋಕ್ ಪೆಟ್ರೋಲ್ ಬಿಟ್ಟು ನೂರೈದು ಕೆ.ಜಿ. ಆಸುಪಾಸು. ಮೇ ತಿಂಗಳ ಬಿಸಿಲಿನಲ್ಲಿ ಮೂರನೇ ಸಲ ಬಿದ್ದ ಗಾಡಿಯನ್ನು ಎತ್ತುವಾಗ ಈ ಐವತ್ತು ಕೆ.ಜಿ. ವ್ಯತ್ಯಾಸ ತಿಳಿಯುತ್ತದೆ. ಹೊಸಬರ ಕೈಕಾಲು ಮುರಿಯುವುದು ಹೆಚ್ಚಾಗಿ ಸುಸ್ತಾದ ಮೇಲೆ. ಅದಕ್ಕೇ ತೂಕವನ್ನು ಪವರ್‌ಗಿಂತ ಮೊದಲು ಲೆಕ್ಕಕ್ಕೆ ಹಿಡಿಯಬೇಕು.

ನೆಲ ಏನು ಕೇಳುತ್ತದೆ

ಟು-ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ (ಪಿಸ್ಟನ್ನಿನ ಏರಿಳಿತವನ್ನು ತಿರುಗಾಟವಾಗಿಸುವ ದಂಡ) ಒಂದು ಸುತ್ತು ಬಂದರೆ ಒಂದು ಸಲ ಪೆಟ್ರೋಲ್ ಉರಿಯುತ್ತದೆ, ಫೋರ್-ಸ್ಟ್ರೋಕ್‌ನಲ್ಲಿ ಎರಡು ಸುತ್ತಿಗೊಮ್ಮೆ. ವಾಲ್ವ್, ಕ್ಯಾಮ್, ಟೈಮಿಂಗ್ ಚೈನ್ ಇಲ್ಲದ್ದರಿಂದ ಟು-ಸ್ಟ್ರೋಕ್ ಎಂಜಿನ್ ಹಗುರ, ರೇಸ್ ಕೊಟ್ಟ ಕೂಡಲೇ ಎಗರುತ್ತದೆ. ಗಂಗಾವತಿ, ಕನಕಗಿರಿ ಕಡೆಯ ಗುಂಡುಗಲ್ಲಿನ ಗುಡ್ಡಗಳಲ್ಲಿ ಮೊಣಕಾಲೆತ್ತರದ ಕಲ್ಲು ಅಡ್ಡ ಬಂದಾಗ ಹಾಫ್ ಕ್ಲಚ್ ಒಮ್ಮೆ ಚಿಮ್ಮಿಸಿದರೆ ಮುಂದಿನ ಚಕ್ರ ಮೇಲೇಳುತ್ತದೆ, ಗಾಡಿ ಹತ್ತುತ್ತದೆ. ಅದೇ ಕಲ್ಲನ್ನು 160 ಕೆ.ಜಿ. ಗಾಡಿ ದಾಟಬೇಕಾದರೆ ಸವಾರ ಮೈ ಹಿಂದಕ್ಕೆ ಹಾಕಿ, ಸಮಯ ನೋಡಿ ರೇಸ್ ಕೊಡಬೇಕು. ತಪ್ಪಿದರೆ ಎಂಜಿನ್ ಗಾರ್ಡ್ ಕಲ್ಲಿನ ಮೇಲೆ ಕೂರುತ್ತದೆ.

ಇಳಿಯುವಾಗ ಲೆಕ್ಕ ತಿರುಗುತ್ತದೆ. ಬೋಳು ಬಂಡೆಯ ಇಳಿಜಾರಿನಲ್ಲಿ ಫೋರ್-ಸ್ಟ್ರೋಕನ್ನು ಒಂದನೇ ಗೇರಿಗೆ ಹಾಕಿ ಕ್ಲಚ್ ಪೂರ್ತಿ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡು ಇಳಿಸುತ್ತದೆ. ಟು-ಸ್ಟ್ರೋಕ್‌ಗೆ ಆ ಹಿಡಿತ ತೀರ ಕಡಿಮೆ. ಪೂರ್ತಿ ಬ್ರೇಕಿನ ಮೇಲೆಯೇ ಇಳಿಯಬೇಕು. ಇನ್ನೊಂದು ಅಪಾಯವೂ ಇದೆ. ಪೆಟ್ರೋಲಿಗೇ ಆಯಿಲ್ ಬೆರೆಸುವ ಟು-ಸ್ಟ್ರೋಕ್‌ನಲ್ಲಿ ರೇಸ್ ಬಿಟ್ಟು ಗೇರಿನಲ್ಲೇ ಉದ್ದಕ್ಕೆ ಇಳಿದರೆ ಎಂಜಿನ್ ಜೋರಾಗಿ ತಿರುಗುತ್ತಲೇ ಇರುತ್ತದೆ, ಆದರೆ ಪೆಟ್ರೋಲ್ ಒಳಗೆ ಹೋಗುವುದು ತೀರ ಕಡಿಮೆ. ಪೆಟ್ರೋಲ್ ಕಡಿಮೆಯಾದರೆ ಆಯಿಲ್ಲೂ ಕಡಿಮೆ. ಆದ್ದರಿಂದ ಕ್ಲಚ್ ಹಿಡಿದು ಇಳಿಯಿರಿ, ಅಥವಾ ಆಗಾಗ ಒಂದು ಚಿಟಿಕೆ ರೇಸ್ ಕೊಡುತ್ತಾ ಇಳಿಯಿರಿ.

ಸಂಡೂರಿನ ಕಡೆ ಅದಿರಿನ ಉರುಟು ಕಲ್ಲು, ಸಡಿಲ ಗರಸು. ಇಲ್ಲಿ ಫೋರ್-ಸ್ಟ್ರೋಕ್ ಗೆಲ್ಲುತ್ತದೆ. ಅದರ ಎಳೆತ ನಿಧಾನವಾಗಿ, ಒಂದೇ ಸಮನೆ ಬರುವುದರಿಂದ ಹಿಂದಿನ ಚಕ್ರ ನೆಲ ಕಚ್ಚಿಕೊಂಡಿರುತ್ತದೆ. 125 ಅಥವಾ 150 ಸಿಸಿ ಟು-ಸ್ಟ್ರೋಕ್ ಮೊದಲು ಸುಮ್ಮನಿದ್ದು, ಆರ್‌ಪಿಎಂ ಏರಿದ ಮೇಲೆ ಒಮ್ಮೆಗೇ ಪವರ್ ಸುರಿಯುತ್ತದೆ. ಚಕ್ರ ಅಲ್ಲೇ ತಿರುಗಿ ಕಲ್ಲು ಚಿಮ್ಮುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. 300 ಸಿಸಿಯದಕ್ಕೆ ಈ ದೋಷವಿಲ್ಲ, ಅದು ಕೆಳಗಿನಿಂದಲೇ ಟ್ರ್ಯಾಕ್ಟರಿನ ಹಾಗೆ ಎಳೆಯುತ್ತದೆ. ರೇಸಿಗೆಂದು ಪೋರ್ಟ್ (ಸಿಲಿಂಡರಿನ ಗಾಳಿ-ಹೊಗೆಯ ಕಿಂಡಿ) ಕೊರೆಸಿ, ಹೊಟ್ಟೆ ದಪ್ಪದ ಸೈಲೆನ್ಸರ್ ಹಾಕಿಸಿದ ಆರ್‌ಎಕ್ಸ್ ಸಿಕ್ಕಿತೆಂದು ಖುಷಿಪಡಬೇಡಿ. ಅದರ ಕೆಳಗಿನ ಎಳೆತ ಹೋಗಿರುತ್ತದೆ, ಟ್ರಯಲ್‌ಗೆ ಬೇಕಾದದ್ದು ಅದೇ.

ಎರೆ ನೆಲದ ಮಾತು ಬೇರೆ. ಸಿಂಧನೂರು, ಸಿರುಗುಪ್ಪ ಕಡೆಯ ಕರಿ ಮಣ್ಣು ಮಳೆ ಬಿದ್ದ ಮೇಲೆ ಟೈರಿಗೆ ಹಿಟ್ಟಿನ ಹಾಗೆ ಮೆತ್ತಿಕೊಂಡು, ಮಡ್‌ಗಾರ್ಡಿನ ಸಂದಿ ತುಂಬಿ, ಚಕ್ರವನ್ನೇ ನಿಲ್ಲಿಸುತ್ತದೆ. ಆಗ ಯಾವ ಎಂಜಿನ್ ಆದರೂ ಒಂದೇ, ಸುಡುವುದು ಕ್ಲಚ್. ಎರಡು ದಿನ ಬಿಸಿಲು ಕಂಡ ಮೇಲೆ ಹೋಗಿ, ಅದೂ ಬಂಡಿ ದಾರಿಯಲ್ಲಿ. ಬಿತ್ತಿದ ಹೊಲಕ್ಕೆ ಚಕ್ರ ಇಳಿಸಬಾರದು. ಒಕ್ಕಲುತನದ ಊರುಗಳಲ್ಲಿ ಒಬ್ಬ ಹಾಳು ಮಾಡಿದರೆ ಮುಂದೆ ಯಾರಿಗೂ ದಾರಿ ಇರುವುದಿಲ್ಲ.

ಕೆಂಪು ಧೂಳು

ಅದಿರಿನ ಧೂಳು ನುಣ್ಣಗೆ, ಗಡುಸು. ಹಿಟ್ಟಿನಷ್ಟು ಸಣ್ಣದಾದ್ದರಿಂದ ಫಿಲ್ಟರಿನ ಅಂಚಿನ ಸಣ್ಣ ಸಂದಿಯಲ್ಲೂ ನುಸುಳುತ್ತದೆ, ಒಳಗೆ ಹೋದರೆ ಉಜ್ಜುಕಾಗದದ ಕೆಲಸ ಮಾಡುತ್ತದೆ. ಎರಡು ಎಂಜಿನ್‌ಗಳಲ್ಲಿ ಆಗುವ ಹಾನಿ ಬೇರೆ ಬೇರೆ. ಟು-ಸ್ಟ್ರೋಕ್‌ನಲ್ಲಿ ಗಾಳಿ ಮೊದಲು ಕ್ರ್ಯಾಂಕ್ ಇರುವ ಕೋಣೆಗೆ ಹೋಗಿ, ಅಲ್ಲಿಂದ ಸಿಲಿಂಡರಿಗೆ ಏರುತ್ತದೆ. ಹಾಗಾಗಿ ಧೂಳು ಕ್ರ್ಯಾಂಕ್ ಬೇರಿಂಗ್, ಕನೆಕ್ಟಿಂಗ್ ರಾಡ್ ಬೇರಿಂಗ್, ಪಿಸ್ಟನ್ ಮೂರನ್ನೂ ತಿನ್ನುತ್ತದೆ. ಫೋರ್-ಸ್ಟ್ರೋಕ್‌ನಲ್ಲಿ ವಾಲ್ವ್ ಮತ್ತು ಅದು ಕೂರುವ ಸೀಟು ಸವೆಯುತ್ತವೆ, ರಿಂಗ್ ಹೋಗುತ್ತದೆ, ಉಳಿದದ್ದು ಎಂಜಿನ್ ಆಯಿಲ್ ಸೇರುತ್ತದೆ. ರೇಸ್ ಗಾಡಿಗಳ ಟೈಟಾನಿಯಂ ವಾಲ್ವ್ ಈ ಧೂಳಿಗೆ ಬಹಳ ಬೇಗ ಸೋಲುತ್ತದೆ. ವಾಲ್ವ್ ಸವೆದು ಒಳಗೆ ಕೂತಂತೆಲ್ಲ ಟ್ಯಾಪೆಟ್ ಗ್ಯಾಪ್ (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಣ್ಣ ಸಂದಿ) ಮುಚ್ಚಿಹೋಗುತ್ತದೆ. ಗಾಡಿ ಸ್ಟಾರ್ಟ್ ಆಗಲು ತಕರಾರು ಮಾಡುವುದೇ ಇದರ ಮೊದಲ ಸೂಚನೆ.

ಸ್ಪಂಜಿನ ಫಿಲ್ಟರ್ ಇದ್ದರೆ ಪ್ರತಿ ಸವಾರಿಯ ನಂತರ ತೊಳೆಯಬೇಕು. ಮೊದಲು ಸೀಮೆಎಣ್ಣೆಯಲ್ಲಿ ಹಿಸುಕಿ ಹಳೇ ಎಣ್ಣೆ ತೆಗೆಯಿರಿ. ಪೆಟ್ರೋಲ್ ಬೇಡ, ಸ್ಪಂಜಿನ ಜೋಡಣೆಯ ಅಂಟು ಬಿಟ್ಟುಕೊಳ್ಳುತ್ತದೆ. ಆಮೇಲೆ ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಎರಡು ಸಲ ಅದ್ದಿ ಹಿಸುಕಿ. ಬಟ್ಟೆ ಹಿಂಡಿದ ಹಾಗೆ ತಿರುಚಿದರೆ ಹರಿಯುತ್ತದೆ. ನೆರಳಲ್ಲಿ ಪೂರ್ತಿ ಒಣಗಿದ ಮೇಲೆ ಫಿಲ್ಟರ್ ಆಯಿಲ್ ಹಾಕಿ, ಎಲ್ಲಾ ಕಡೆ ಒಂದೇ ಬಣ್ಣ ಬರುವವರೆಗೆ ಮೆತ್ತಗೆ ಒತ್ತಿ, ಹೆಚ್ಚಾದದ್ದನ್ನು ಹಿಸುಕಿ ತೆಗೆಯಿರಿ. ಕೂರಿಸುವ ಮೊದಲು ಅಂಚಿಗೆ ತೆಳ್ಳಗೆ ಗ್ರೀಸ್ ಸವರಿ. ಈ ಗ್ರೀಸಿನ ಕೆಲಸವನ್ನೇ ಹೆಚ್ಚಿನವರು ಬಿಡುವುದು, ಧೂಳು ಒಳಹೋಗುವುದೂ ಅಲ್ಲಿಂದಲೇ.

ಪರೀಕ್ಷೆ ಸುಲಭ. ಫಿಲ್ಟರ್ ತೆಗೆದಾಗ ಬೆರಳಿಗೆ ಬಿಳಿ ಬಟ್ಟೆ ಸುತ್ತಿ, ಕಾರ್ಬುರೇಟರ್ ಕಡೆಯ ರಬ್ಬರ್ ಕೊಳವೆಯ ಒಳಗೆ ಒಂದು ಸುತ್ತು ಒರೆಸಿ. ಬಟ್ಟೆ ಬಿಳಿಯಾಗೇ ಬಂದರೆ ನಿಮ್ಮ ಕೆಲಸ ಸರಿಯಿದೆ. ಕುಂಕುಮ ಮುಟ್ಟಿದ ಹಾಗೆ ಕೆಂಪಾದರೆ ಗಾಡಿ ಅಲ್ಲಿಗೇ ನಿಲ್ಲಲಿ. ಸಂದಿ ಎಲ್ಲಿದೆ ಎಂದು ಹುಡುಕಿ ಸರಿಪಡಿಸದೆ ಸ್ಟಾರ್ಟ್ ಮಾಡಬೇಡಿ. ಕಾಗದದ ಫಿಲ್ಟರ್ ಇರುವ ಗಾಡಿಗೆ ಒಳಗಿನಿಂದ ಹೊರಕ್ಕೆ ಮಾತ್ರ, ಕಡಿಮೆ ಒತ್ತಡದಲ್ಲಿ ಗಾಳಿ ಹೊಡೆಯಬೇಕು. ಹೊರಗಿನಿಂದ ಹೊಡೆದರೆ ಧೂಳು ಕಾಗದದೊಳಗೇ ಹೊಕ್ಕು ಕೂರುತ್ತದೆ.

ಬಿಸಿಲು, ಸೀಜ್

ಏಪ್ರಿಲ್–ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರಿನಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಬಂಡೆಯ ಮೇಲೆ ಇನ್ನೂ ಕಾವು. ಗಾಳಿಯಿಂದ ತಣಿಯುವ ಎಂಜಿನ್‌ಗೆ ಓಡಿದರೆ ಮಾತ್ರ ಗಾಳಿ. ಒಂದನೇ ಗೇರಿನಲ್ಲಿ ಹಾಫ್ ಕ್ಲಚ್ ಹಿಡಿದು ಏರುವಾಗ ಅದಕ್ಕೆ ಉಸಿರಾಡಲು ಏನೂ ಸಿಗುವುದಿಲ್ಲ. ಫೋರ್-ಸ್ಟ್ರೋಕ್ ತನ್ನ ಎಂಜಿನ್ ಆಯಿಲ್‌ನಿಂದ ಸ್ವಲ್ಪ ಮಟ್ಟಿಗೆ ತಾಳಿಕೊಳ್ಳುತ್ತದೆ. ಆರ್‌ಎಕ್ಸ್‌ನಂಥದು ತಾಳುವುದಿಲ್ಲ, ಸೀಜ್ ಆಗುತ್ತದೆ, ಅಂದರೆ ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ.

ಸೀಜ್ ಹೆಚ್ಚಾಗಿ ಹೇಳದೆ ಬರುವುದಿಲ್ಲ. ಮೊದಲು ಗಾಡಿ ಭಾರವಾದಂತೆ ಅನಿಸುತ್ತದೆ: ಅದೇ ಏರು, ಅದೇ ಗೇರು, ಆದರೆ ರೇಸ್ ಇನ್ನಷ್ಟು ಬೇಕು. ಆಮೇಲೆ ಹೆಡ್ಡಿನ ಕಡೆಯಿಂದ ಡಬ್ಬಿಯಲ್ಲಿ ಗೋಲಿ ಅಲುಗಿದ ಹಾಗೆ ಟಿಣಿಟಿಣಿ ಸದ್ದು. ಆ ಕ್ಷಣಕ್ಕೆ ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿದರೆ ಪಿಸ್ಟನ್ ಉಳಿಯಬಹುದು. ಇನ್ನೊಂದು ಹತ್ತು ಮಾರು ಏರಿಬಿಡೋಣ ಎಂದರೆ ಹಿಂದಿನ ಚಕ್ರ ಕಚ್ಚಿಕೊಂಡು ನಿಲ್ಲುತ್ತದೆ. ಎಡಗೈಯ ಎರಡು ಬೆರಳು ಸದಾ ಕ್ಲಚ್ಚಿನ ಮೇಲಿರಲಿ ಎನ್ನುವುದು ಇದಕ್ಕೇ.

ಸೀಜ್‌ಗೆ ಬಿಸಿಲನ್ನಷ್ಟೇ ಬೈಯುವುದು ತಪ್ಪು. ಕಾದ ಗಾಳಿ ತೆಳುವಾಗಿರುವುದರಿಂದ ಬೇಸಿಗೆಯಲ್ಲಿ ಕಾರ್ಬುರೇಟರಿನ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ನಿಜವಾಗಿ ಹೆಚ್ಚಾಗುತ್ತದೆ. ಪೆಟ್ರೋಲ್ ಕಡಿಮೆಯಾಗಿ ಸುಡುವುದಕ್ಕೆ ಬೇರೆ ಕಾರಣಗಳಿವೆ. ಮೊದಲನೆಯದು ಕ್ರ್ಯಾಂಕ್ ಸೀಲ್ ಹಳತಾಗಿ ಅಲ್ಲಿಂದ ಗಾಳಿ ಎಳೆಯುವುದು. ಇದರ ಗುರುತು: ರೇಸ್ ಬಿಟ್ಟರೂ ಸದ್ದು ಕೂಡಲೇ ಇಳಿಯದೆ ಮೇಲೇ ತೂಗುತ್ತದೆ. ಎರಡನೆಯದು ಈಗಿನ ಇ20 ಪೆಟ್ರೋಲ್. ಅದರಲ್ಲಿ 20 ಪಾಲು ಎಥನಾಲ್ ಇರುವುದರಿಂದ ಅಷ್ಟೇ ಗಾಳಿಗೆ ಹೆಚ್ಚು ಪೆಟ್ರೋಲ್ ಬೇಕು. ಕಾರ್ಬುರೇಟರಿನ ಹಳೇ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ತಿರುಪು) ಅಷ್ಟು ಕೊಡುವುದಿಲ್ಲ. ಮೇನ್ ಜೆಟ್ ಒಂದು ಅಥವಾ ಎರಡು ಸೈಜ್ ದೊಡ್ಡದು ಹಾಕಿ, ಪ್ಲಗ್ ನೋಡಿ ತೀರ್ಮಾನಿಸಿ: ಅರ್ಧಕ್ಕಿಂತ ಹೆಚ್ಚು ರೇಸಿನಲ್ಲಿ ಒಂದು ಕಿಲೋಮೀಟರ್ ಓಡಿಸಿ, ಕ್ಲಚ್ ಹಿಡಿದು ಅಲ್ಲೇ ಎಂಜಿನ್ ಆಫ್ ಮಾಡಿ, ಪ್ಲಗ್ ಬಿಚ್ಚಿ. ಪಿಂಗಾಣಿ ಕಾಫಿಪುಡಿ ಬಣ್ಣಕ್ಕಿದ್ದರೆ ಸರಿ. ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಸಾಲದು, ಜೆಟ್ ಇನ್ನೂ ದೊಡ್ಡದಾಗಬೇಕು. ಕರ್ರಗೆ ಒದ್ದೆಯಾಗಿದ್ದರೆ ಹೆಚ್ಚಾಗಿದೆ. ಎಫ್‌ಐ (ಕಾರ್ಬುರೇಟರ್ ಬದಲು ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ) ಇರುವ ಹೊಸ ಫೋರ್-ಸ್ಟ್ರೋಕ್‌ಗಳಿಗೆ ಈ ತಾಪತ್ರಯ ಯಾವುದೂ ಇಲ್ಲ, ಅವು ತಾವೇ ಸರಿಹೊಂದಿಸಿಕೊಳ್ಳುತ್ತವೆ. ದಿನಬಳಕೆಗೂ ಅದೇ ಗಾಡಿ ಎನ್ನುವವರಿಗೆ ಇದೊಂದೇ ಕಾರಣ ಸಾಕು.

ಆಯಿಲ್ ಅಳತೆ

ಪೆಟ್ರೋಲಿಗೆ ಆಯಿಲ್ ಬೆರೆಸುವ ಗಾಡಿಗೆ 40ಕ್ಕೆ 1 ಎಂದರೆ ಲೀಟರಿಗೆ 25 ಮಿ.ಲೀ., 5 ಲೀಟರಿಗೆ 125. 50ಕ್ಕೆ 1 ಎಂದರೆ ಲೀಟರಿಗೆ 20. ಆಟೋಲ್ಯೂಬ್ ಪಂಪ್ (ಆಯಿಲನ್ನು ತಾನೇ ಎಂಜಿನ್‌ಗೆ ಕೊಡುವ ಪಂಪ್) ತೆಗೆದುಹಾಕಿರುವ ಆರ್‌ಎಕ್ಸ್‌ಗೆ ನಮ್ಮ ಬಿಸಿಲಿನಲ್ಲಿ ಲೀಟರಿಗೆ 25 ಮಿ.ಲೀ.ಗಿಂತ ಇಳಿಯಬೇಡಿ. ಎಂಡ್ಯೂರೊ ಗಾಡಿಗೆ ಅದರ ಕೈಪಿಡಿಯ ಲೆಕ್ಕ. ಕ್ಯಾಪಿನಲ್ಲಿ ಅಂದಾಜಿಗೆ ಸುರಿಯಬೇಡಿ. ಗೆರೆ ಇರುವ ಮಗುವಿನ ಹಾಲಿನ ಬಾಟಲಿ ಈ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತದೆ. ಇನ್ನಷ್ಟು ಹಾಕಿದರೆ ಎಂಜಿನ್ ಇನ್ನೂ ಕ್ಷೇಮ ಎಂಬ ನಂಬಿಕೆ ಇದೆ. ಹಾಗಲ್ಲ. ಆಯಿಲ್ ಹೆಚ್ಚಾದಷ್ಟು ಅದೇ ಜೆಟ್‌ನಲ್ಲಿ ಹೋಗುವ ಪೆಟ್ರೋಲ್ ಕಡಿಮೆಯಾಗುತ್ತದೆ, ಪ್ಲಗ್ ಕಟ್ಟಿಕೊಳ್ಳುತ್ತದೆ. 2ಟಿ (ಟು-ಸ್ಟ್ರೋಕ್) ಆಯಿಲ್ ಡಬ್ಬಿಯ ಮೇಲೆ ಜಾಸೊ ಎಫ್‌ಡಿ ಎಂದಿರಬೇಕು, ಅದು ಆಯಿಲ್ ಗುಣಮಟ್ಟದ ಜಪಾನಿ ಗುರುತು. ಇ20 ಗಾಳಿಯ ತೇವ ಹೀರುವುದರಿಂದ ಬೆರೆಸಿಟ್ಟ ಪೆಟ್ರೋಲನ್ನು ಎರಡು ಮೂರು ವಾರಕ್ಕಿಂತ ಹೆಚ್ಚು ಇಡಬೇಡಿ. ಗಾಡಿ ನಿಲ್ಲಿಸುವ ಮುನ್ನ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬುರೇಟರ್ ಖಾಲಿಯಾಗಿ ತಾನಾಗಿ ಆಫ್ ಆಗುವವರೆಗೆ ಓಡಲಿ.

ಫೋರ್-ಸ್ಟ್ರೋಕ್‌ಗೆ ಜಾಸೊ ಎಂಎ2 ಇರುವ ಬೈಕ್ ಆಯಿಲ್ಲೇ ಬೇಕು. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರುತ್ತದೆ. ಪುಸ್ತಕದಲ್ಲಿ ಆರು ಸಾವಿರ ಕಿಲೋಮೀಟರ್ ಎಂದಿದ್ದರೂ ಗುಡ್ಡದ ಧೂಳಿನಲ್ಲಿ ಸುತ್ತುವ ಗಾಡಿಗೆ ಮೂರು ಸಾವಿರಕ್ಕೇ ಬದಲಿಸಿ.

ತಾಸಿನ ಲೆಕ್ಕ

ಟ್ರಯಲ್ ಗಾಡಿಯ ಆಯುಷ್ಯವನ್ನು ಕಿಲೋಮೀಟರಿನಲ್ಲಿ ಅಳೆಯಬಾರದು, ತಾಸಿನಲ್ಲಿ ಅಳೆಯಬೇಕು. ಪ್ಲಗ್ ವೈರಿಗೆ ಸುತ್ತುವ ಅವರ್ ಮೀಟರ್ ಒಂದು ಹಾಕಿಸಿಕೊಳ್ಳಿ. 300 ಸಿಸಿ ಎಂಡ್ಯೂರೊ ಟು-ಸ್ಟ್ರೋಕ್‌ನಲ್ಲಿ ಪಿಸ್ಟನ್, ರಿಂಗ್ 80ರಿಂದ 100 ತಾಸಿಗೆ ನೋಡಬೇಕು. ಗೇರ್ ಆಯಿಲ್ ಮುಕ್ಕಾಲು ಲೀಟರ್ ಆಸುಪಾಸು, 20 ತಾಸಿಗೊಮ್ಮೆ. ಪವರ್ ವಾಲ್ವ್‌ಗೆ (ಹೊಗೆ ಹೋಗುವ ಕಿಂಡಿಯನ್ನು ಹಿರಿದು ಕಿರಿದು ಮಾಡುವ ಭಾಗ) ಹತ್ತಿದ ಮಸಿ 40 ತಾಸಿಗೊಮ್ಮೆ ತೆಗೆಯಬೇಕು. ರೇಸ್‌ಗೆಂದೇ ಮಾಡಿದ 250 ಸಿಸಿ ಫೋರ್-ಸ್ಟ್ರೋಕ್‌ಗೆ 5ರಿಂದ 10 ತಾಸಿಗೊಮ್ಮೆ ಎಂಜಿನ್ ಆಯಿಲ್, 15ರಿಂದ 30 ತಾಸಿನೊಳಗೆ ಟ್ಯಾಪೆಟ್ ಪರೀಕ್ಷೆ. ಅದು ಶಿಮ್ (ಅಳತೆಯ ತೆಳು ಬಿಲ್ಲೆ) ಹಾಕಿ ಹೊಂದಿಸುವ ಕೆಲಸ, ಸ್ಪ್ಯಾನರ್ ತಿರುಗಿಸಿದರೆ ಮುಗಿಯುವುದಿಲ್ಲ. ಕಡೆಗಣಿಸಿ ವಾಲ್ವ್ ಮುರಿದು ಪಿಸ್ಟನ್ ಮೇಲೆ ಬಿದ್ದರೆ ಹೆಡ್ಡು, ಸಿಲಿಂಡರ್, ಕೆಲವೊಮ್ಮೆ ಕ್ರ್ಯಾಂಕ್ ಕೂಡ ಹೋಗುತ್ತದೆ. ಎಕ್ಸ್‌ಪಲ್ಸ್, ಕೆಎಲ್‌ಎಕ್ಸ್‌ಗಳು ಈ ಜಾತಿಯವಲ್ಲ. ಪವರ್ ಕಡಿಮೆ, ಬಾಳಿಕೆ ಹೆಚ್ಚು.

ನೀರಿನಲ್ಲಿ ಮುಳುಗಿದರೆ ಟು-ಸ್ಟ್ರೋಕ್ ಬೇಗ ಎದ್ದೇಳುತ್ತದೆ: ಪ್ಲಗ್ ಬಿಚ್ಚಿ, ಪೆಟ್ರೋಲ್ ಮುಚ್ಚಿ, ಗಾಡಿ ತಲೆಕೆಳಗು ಮಾಡಿ, ನೀರು ಬರುವುದು ನಿಲ್ಲುವವರೆಗೆ ಕಿಕ್ ತುಳಿಯಿರಿ. ಫೋರ್-ಸ್ಟ್ರೋಕ್ ಮುಳುಗಿದರೆ ಸೆಲ್ಫ್ ಒತ್ತಲೇಬಾರದು. ಒಳಗೆ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅದರಲ್ಲೂ ಪ್ಲಗ್ ಬಿಚ್ಚಿ ನೀರು ಹೊರಹಾಕಿ, ಆಯಿಲ್ ನೋಡಿ. ಹಾಲು ಬೆರೆಸಿದ ಚಹಾದ ಹಾಗೆ ಕಂಡರೆ ಗಾಡಿ ಪಿಕಪ್ ಹತ್ತಲಿ, ಆಯಿಲ್ ಎರಡು ಸಲ ಬದಲಿಸಿದ ಮೇಲೇ ಓಡಲಿ.

ಮುಳ್ಳು, ಮತ್ತು ಚಕ್ರ ಇಳಿಸಬಾರದ ಜಾಗ

ಬಳ್ಳಾರಿ ಜಾಲಿಯ ಮುಳ್ಳು ಯಾವ ಎಂಜಿನ್ನಿಗೂ ಕರುಣೆ ತೋರುವುದಿಲ್ಲ. ದಪ್ಪ ಟ್ಯೂಬ್ ಹಾಕಿಸಿ. ಬಂಡೆಯ ಮೇಲೆ ಎಕ್ಸ್‌ಪಲ್ಸ್‌ನಂಥ ಭಾರದ ಗಾಡಿಗೆ 18 ಪಿಎಸ್‌ಐಗಿಂತ ಇಳಿಸಿದರೆ ಟ್ಯೂಬ್ ರಿಮ್ಮಿಗೆ ಸಿಕ್ಕಿ ಕಚ್ಚುತ್ತದೆ. ಹಗುರ ಎಂಡ್ಯೂರೊಗೆ ರಿಮ್ ಲಾಕ್ (ಟೈರ್ ರಿಮ್ಮಿನ ಮೇಲೆ ಜಾರದಂತೆ ಹಿಡಿಯುವ ಕ್ಲ್ಯಾಂಪ್) ಇದ್ದರೆ 12–13 ಸಾಕು. ಒಂದೇ ಟ್ಯೂಬ್ ಒಯ್ಯುವುದಾದರೆ ಮುಂದಿನ 21 ಇಂಚಿನದು ಒಯ್ಯಿರಿ. ತುರ್ತಿಗೆ ಅದನ್ನು ಹಿಂದಿನ 18 ಇಂಚಿಗೂ ತುರುಕಬಹುದು, ಹಿಂದಿನದು ಮುಂದಕ್ಕೆ ಆಗುವುದಿಲ್ಲ.

ದರೋಜಿ ಕರಡಿಧಾಮ, ಅನುಮತಿಯಿಲ್ಲದ ಮೀಸಲು ಅರಣ್ಯ, ಗಣಿ ಗುತ್ತಿಗೆಯ ಜಾಗ ಬೇಡವೇ ಬೇಡ. ಆನೆಗೊಂದಿಯ ಸ್ಮಾರಕಗಳ ಸುತ್ತ, ಮಸ್ಕಿಯಲ್ಲಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಅಶೋಕ ಶಾಸನದ ಬಂಡೆಗಳ ಹತ್ತಿರ ಗಾಡಿ ಒಯ್ಯಬಾರದು. ಹಿರೇಬೆಣಕಲ್ಲಿನ ಮೋರ್ಯರ ಗುಡ್ಡದಲ್ಲಿ ಚಪ್ಪಡಿ ನಿಲ್ಲಿಸಿದ ಕಲ್ಮನೆಗಳಿವೆ, ಶಿಲಾಯುಗದ ನಂತರದ ಜನ ಕಟ್ಟಿದವು. ದೂರದಿಂದ ಅವು ಬರೀ ಬಂಡೆಯಂತೆ ಕಾಣುತ್ತವೆ. ಒಮ್ಮೆ ಉರುಳಿದ ಚಪ್ಪಡಿಯನ್ನು ಮತ್ತೆ ಅದೇ ಜಾಗಕ್ಕೆ ಕೂರಿಸಲು ಯಾರಿಂದಲೂ ಆಗದು.

ಹಣ ಕೊಡುವ ಮೊದಲು

ಹಳೇ ಆರ್‌ಎಕ್ಸ್ ಆದರೆ ಆರ್‌ಸಿಯಿಂದ ಶುರು ಮಾಡಿ. 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ನವೀಕರಣ ಆಗಿರಬೇಕು, ಚಾಸಿ ಮತ್ತು ಎಂಜಿನ್ ನಂಬರ್ ಕಾಗದಕ್ಕೆ ತಾಳೆಯಾಗಬೇಕು. ಆಮೇಲೆ ಸಿಲಿಂಡರ್. ಆರ್‌ಎಕ್ಸ್100ರ ಬೋರ್ (ಸಿಲಿಂಡರಿನ ಒಳ ಅಗಲ) ಮೂಲದಲ್ಲಿ 50 ಮಿ.ಮೀ.; 0.25, 0.50, 0.75, 1.00 ಹೀಗೆ ಓವರ್‌ಸೈಜ್ ಏರುತ್ತದೆ. ಆಗಲೇ 1.00ಕ್ಕೆ ಬಂದಿದ್ದರೆ ಮುಂದಿನ ಸಲ ಲೇತ್ ಅಂಗಡಿಯಲ್ಲಿ ಬೋರ್ ಹೊಡೆಸಲು ಜಾಗವಿಲ್ಲ, ಹೊಸ ಲೈನರ್ ಹಾಕಿಸಬೇಕು. ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಮ್ಯಾಗ್ನೆಟ್ ಕವರ್ ತೆಗೆಸಿ ಮ್ಯಾಗ್ನೆಟನ್ನು ಮೇಲೆ ಕೆಳಗೆ ಅಲುಗಿಸಿ. ಕಟಕಟ ಎಂದರೆ ಕ್ರ್ಯಾಂಕ್ ಬೇರಿಂಗ್ ಹೋಗಿದೆ. ಒಳಗೆ ಎಣ್ಣೆ ಹಸಿಯಿದ್ದರೆ ಸೀಲ್ ಹೋಗಿದೆ.

ಫೋರ್-ಸ್ಟ್ರೋಕ್ ಆದರೆ ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಹೋಗಿ. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ತಣ್ಣಗಿದ್ದಾಗ ಒಂದು ಸಲ ಸ್ಟಾರ್ಟ್ ಮಾಡಿ ಹೊಗೆ ನೋಡಿ. ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ. ಇಪ್ಪತ್ತು ನಿಮಿಷ ಓಡಿಸಿ, ಆಫ್ ಮಾಡಿ, ಐದು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ಬಿಸಿಯಲ್ಲಿ ಸತಾಯಿಸುವ ಗಾಡಿಯ ವಾಲ್ವ್ ನೋಡದೆ ಮುಂಗಡ ಕೊಡಬೇಡಿ. ಕೊನೆಗೆ ಗಾಡಿಯನ್ನು ಮೆತ್ತಗೆ ನೆಲಕ್ಕೆ ಮಲಗಿಸಿ, ನೀವೊಬ್ಬರೇ ಎತ್ತಿ ನಿಲ್ಲಿಸಿ. ಹಾಗೇ ಇನ್ನೆರಡು ಸಲ. ಮೂರನೇ ಸಲ ಎತ್ತಲು ಆಗದಿದ್ದರೆ ಆ ತೂಕ ನಿಮಗಲ್ಲ, ಅದಕ್ಕಿಂತ ಹಗುರದ್ದನ್ನು ನೋಡಿ.